ಕೋವಿ ಈಗ ಯಾರ ಹೆಸರಿನಲ್ಲಿದೆ?

ಚುನಾವಣೆ ಘೋಷಣೆಯಾಯಿತು ಅಂದರೆ ಸಾಕು, ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಪೊಲೀಸ್ ಠಾಣೆಗಳಿಗೆ ಅಡಿಕೆ ತೋಟದವರು ಬರತೊಡಗುತ್ತಾರೆ. ಕೈಯಲ್ಲಿ ಹಳೇ ಪಂಚೆಯಲ್ಲೋ ಗೋಣಿತಾಟಿನಲ್ಲೋ ಸುತ್ತಿದ ಕೋವಿ. ಕೆಲವು ಅಜ್ಜನ ಕಾಲದ ಕೇಪಿನ ಕೋವಿ, ಕೆಲವು ಒಂಟಿ ನಳಿಗೆಯ ತೋಟೆ ಕೋವಿ. ಹಂದಿ ಕಾಟದ ತೋಟಕ್ಕೆಂದು ಬೆಳೆ ರಕ್ಷಣೆಯ ಲೈಸೆನ್ಸ್‌ನಲ್ಲಿ ಪಡೆದದ್ದು. ಠಾಣೆಯ ರೈಟರ್ ನಂಬರ್ ಬರೆದುಕೊಂಡು ರಶೀದಿ ಕೊಡುತ್ತಾರೆ. "ತುಕ್ಕು ಹಿಡಿಸ್ಬೇಡಿ ಮಾರಾಯ್ರೆ" ಎಂದು ಹೇಳಿ ತೋಟದವರು ಬಸ್ಸು ಹತ್ತುತ್ತಾರೆ.

ಎಲ್ಲರೂ ಒಪ್ಪಿಸಲೇಬೇಕಾ ಎಂಬ ಜಗಳ ಪ್ರತಿ ಚುನಾವಣೆಯಲ್ಲೂ ಏಳುತ್ತದೆ. ಚುನಾವಣಾ ಆಯೋಗದ ಸೂಚನೆ ಪ್ರಕಾರ ಜಿಲ್ಲೆಯ ಸ್ಕ್ರೀನಿಂಗ್ ಸಮಿತಿ ಲೈಸೆನ್ಸ್‌ಗಳನ್ನು ಪರಿಶೀಲಿಸಿ, ಯಾರ ಕೋವಿ ಠಾಣೆಗೆ ಬರಬೇಕು ಎಂದು ತೀರ್ಮಾನಿಸಬೇಕು. ಆ ಜಗಳ ಇನ್ನೊಂದು ದಿನಕ್ಕಿರಲಿ. ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ರಶೀದಿ ಕೊಟ್ಟ ಕ್ಷಣದಿಂದ ಆ ಕೋವಿಯನ್ನು ಕಾಯುವ ಹೊಣೆ ಸರ್ಕಾರದ್ದು. ಹಾಗಾದರೆ ಸರ್ಕಾರ ತನ್ನ ಸ್ವಂತ ಬಂದೂಕುಗಳನ್ನು ಹೇಗೆ ಕಾಯುತ್ತದೆ? ಪೊಲೀಸ್, ಅರಣ್ಯ ಇಲಾಖೆ, ಜೈಲು, ಕರಾವಳಿ ಕಾವಲು ಪೊಲೀಸ್, ಕೈಗಾ ಅಣುಸ್ಥಾವರ ಕಾಯುವ ಕೇಂದ್ರದ ಸಿಐಎಸ್‌ಎಫ್ ಪಡೆ, ಅರಗಾದ ನೌಕಾನೆಲೆ. ನಮ್ಮ ಉತ್ತರ ಕನ್ನಡ ಒಂದೇ ಜಿಲ್ಲೆಯಲ್ಲಿ ಇಷ್ಟೊಂದು ಕಡೆ ಸರ್ಕಾರಿ ಆಯುಧಗಳಿವೆ.

ದಪ್ಪ ಕಬ್ಬಿಣದ ಬಾಗಿಲು, ಎರಡು ಬೀಗ, ಹೊರಗೊಬ್ಬ ಸೆಂಟ್ರಿ. ಇಷ್ಟಿದ್ದರೆ ಆಯಿತು ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ, ಅಲ್ವಾ? ಅದೆಲ್ಲ ಬೇಕು, ನಿಜ. ಆದರೆ ಬೀಗ ಒಡೆದು ಹೋದ ಕೋವಿಗಳಿಗಿಂತ ಬೀಗ ತೆಗೆದು ಕೊಟ್ಟು, ಮತ್ತೆ ಲೆಕ್ಕಕ್ಕೆ ಸಿಗದೆ ಹೋದ ಕೋವಿಗಳ ಕಥೆ ಹೆಚ್ಚು ಕಲಿಸುತ್ತದೆ. ಒಂದು ರೈಫಲ್ ದಿನದ ಯಾವ ಗಂಟೆಯಲ್ಲಿ ನೋಡಿದರೂ ಒಬ್ಬರ ಹೆಸರಿನಲ್ಲಿರಬೇಕು. ಎಲ್ಲರದ್ದೂ ಆದರೆ ಯಾರದ್ದೂ ಅಲ್ಲ. ಯಾರ ಹೆಸರಿನಲ್ಲೂ ಇಲ್ಲದ ಹತ್ತು ನಿಮಿಷ ಸಿಕ್ಕರೆ ಸಾಕು, ಅದು ಕಳೆಯುವುದು ಅಲ್ಲೇ.

ಎರಡು ನಂಬರ್, ಒಂದು ಸಹಿ

ಜಿಲ್ಲೆಯ ಪೊಲೀಸ್ ಆಯುಧಗಳ ದೊಡ್ಡ ದಾಸ್ತಾನು ಇರುವುದು ಜಿಲ್ಲಾ ಸಶಸ್ತ್ರ ಮೀಸಲು ಪಡೆಯಲ್ಲಿ. ಜನ ಡಿಎಆರ್ ಅನ್ನುತ್ತಾರೆ. ನಮ್ಮಲ್ಲಿ ಅದು ಕಾರವಾರದಲ್ಲಿದೆ. ಠಾಣೆಗಳಿಗೆ ಆಯುಧ ಹಂಚಿಕೆಯಾಗುವುದು ಅಲ್ಲಿಂದ. ಆಯುಧ ಇಡುವ ಕೋಣೆಗೆ ಆರ್ಮರಿ ಎನ್ನುತ್ತಾರೆ, ಹಳಬರ ಬಾಯಲ್ಲಿ ಅದು ಕೋತ್. ಅದನ್ನು ನೋಡಿಕೊಳ್ಳುವವರು ಆರ್ಮರರ್. ಬಂದೂಕು ಬಿಚ್ಚಿ ಜೋಡಿಸಿ ರಿಪೇರಿ ಮಾಡುವ ಕೆಲಸವೂ ಇವರದ್ದೇ.

ರೈಫಲ್ ಮೇಲೆ ಸಾಮಾನ್ಯವಾಗಿ ಎರಡು ನಂಬರ್ ಇರುತ್ತವೆ. ಒಂದು, ಕಾರ್ಖಾನೆಯಲ್ಲಿ ಲೋಹಕ್ಕೇ ಕೊರೆದ ಬಾಡಿ ನಂಬರ್. ಇನ್ನೊಂದು, ಹಿಡಿಯ ಹಿಂಭಾಗದಲ್ಲಿ ಬಣ್ಣದಲ್ಲಿ ಬರೆದ ಬಟ್ ನಂಬರ್. ದಿನನಿತ್ಯದ ಕೊಡು-ಕೊಳ್ಳುವಿಕೆಗೆ ಬಟ್ ನಂಬರ್ ಸಾಕು, ದೂರದಿಂದಲೇ ಕಾಣುತ್ತದೆ. ಆದರೆ ಬಣ್ಣ ಅಳಿಸಬಹುದು, ಇನ್ನೊಂದು ಬರೆಯಬಹುದು. ಲೋಹಕ್ಕೆ ಕೊರೆದದ್ದನ್ನು ಹಾಗೆ ಸುಲಭಕ್ಕೆ ಬದಲಿಸಲಾಗದು. ಹಾಗಾಗಿ ಸರಿಯಾದ ತಪಾಸಣೆ ಎಂದರೆ ಎರಡನ್ನೂ ತಾಳೆ ನೋಡುವುದು. ಹಳೆಯ .303 ರೈಫಲ್‌ನಲ್ಲಿ ಬೋಲ್ಟ್ ಮೇಲೂ, ಅಂದರೆ ಗುಂಡನ್ನು ನಳಿಗೆಗೆ ತಳ್ಳಿ ಹಿಂದಿನಿಂದ ಮುಚ್ಚುವ ಭಾಗದ ಮೇಲೂ, ಅದೇ ನಂಬರ್ ಇರುತ್ತಿತ್ತು. ಬೋಲ್ಟ್ ತೆಗೆದು ಬೇರೆ ಇಟ್ಟರೆ ಉಳಿದದ್ದು ಬರೀ ಮರ ಮತ್ತು ಕಬ್ಬಿಣದ ಕೊಳವೆ, ಕದ್ದವನಿಗೆ ಉಪಯೋಗಕ್ಕಿಲ್ಲ.

ಸುಮ್ನೆ ಎಣಿಸುವುದಕ್ಕೂ ನಂಬರ್ ನೋಡಿ ಎಣಿಸುವುದಕ್ಕೂ ವ್ಯತ್ಯಾಸವಿದೆ. ಸ್ಟ್ಯಾಂಡಿನಲ್ಲಿ ಹತ್ತು ಇರಬೇಕು, ಹತ್ತು ಇದೆ, ಸಹಿ ಹಾಕು ಎಂದರೆ ಅದು ತಪಾಸಣೆಯಲ್ಲ. ಪಕ್ಕದ ಠಾಣೆಯ ಒಂದು ರೈಫಲ್ ಇಲ್ಲಿಗೆ ಬಂದು ಇಲ್ಲಿಯದು ಅಲ್ಲಿಗೆ ಹೋಗಿದ್ದರೂ ಲೆಕ್ಕ ಹತ್ತೇ ಬರುತ್ತದೆ. ಆ ಅದಲುಬದಲು ಮೂರು ತಿಂಗಳ ನಂತರ ಬೆಳಕಿಗೆ ಬಂದರೆ ಎರಡೂ ಠಾಣೆಯವರು ಕಳೆದದ್ದನ್ನು ಹುಡುಕುತ್ತ ಕೂರಬೇಕು. ಏನೂ ಕಳೆದೇ ಇರುವುದಿಲ್ಲ.

ಡ್ಯೂಟಿಗೆ ಹೋಗುವವರಿಗೆ ಬಂದೂಕು ಕೊಡುವಾಗ ರಿಜಿಸ್ಟರ್‌ನಲ್ಲಿ ದಿನಾಂಕ, ಗಂಟೆ, ನಂಬರ್, ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ಎಷ್ಟು, ಗುಂಡು ಎಷ್ಟು, ಯಾವ ಕೆಲಸಕ್ಕೆ ಎಂದೆಲ್ಲ ಬರೆದು ಸಹಿ ಹಾಕಿಸಬೇಕು. ವಾಪಸ್ ಬಂದಾಗ ಅದೇ ಸಾಲಿನಲ್ಲಿ ಇನ್ನೊಂದು ಸಹಿ. ಪಹರೆ ಬದಲಾದಾಗ ಹೊಸದಾಗಿ ಬಂದವರು ಎಣಿಸಿ ನೋಡಿದ ಮೇಲೆಯೇ ಹಳಬರು ಹೊರಡಬೇಕು. ಕೇಳಲು ಬೇಸರದ ಕೆಲಸ. ಮಾಡಲು ಇನ್ನೂ ಬೇಸರ. ರಾತ್ರಿ ಎರಡು ಗಂಟೆಗೆ ಮಳೆಯಲ್ಲಿ ನೆನೆದು ಬಂದವರಿಗೆ ಮತ್ತೆ ಗುಂಡು ಎಣಿಸು ಎಂದರೆ ಯಾರಿಗೆ ಇಷ್ಟ? "ನಾಳೆ ಬೆಳಗ್ಗೆ ಬರೆದುಕೊಂಡರಾಯ್ತು ಬಿಡಿ" ಎಂಬ ಮಾತು ಹುಟ್ಟುವುದು ಆ ಹೊತ್ತಿನಲ್ಲೇ. ನನ್ನ ಅಭಿಪ್ರಾಯ ಕೇಳಿದರೆ, ಒಂದು ಠಾಣೆಯ ಶಿಸ್ತನ್ನು ಅಳೆಯಲು ಹಗಲಿನ ಪರೇಡ್ ನೋಡುವುದು ಬೇಡ. ರಾತ್ರಿ ಎರಡು ಗಂಟೆಯ ಆ ಸಾಲಿನಲ್ಲಿ ಯಾರ ಕೈಬರಹ ಇದೆ, ಯಾವಾಗ ಬರೆದದ್ದು ಎಂದು ನೋಡಿದರೆ ಸಾಕು.

ಬಂದೂಕು ಒಪ್ಪಿಸುವಾಗ ಇನ್ನೊಂದು ಅಪಾಯವಿದೆ. ಮ್ಯಾಗಜಿನ್ ತೆಗೆದ ಮಾತ್ರಕ್ಕೆ ಬಂದೂಕು ಖಾಲಿಯಾಗುವುದಿಲ್ಲ. ನಳಿಗೆಯ ಬುಡದಲ್ಲಿ, ಚೇಂಬರ್‌ನಲ್ಲಿ, ಒಂದು ಗುಂಡು ಉಳಿದಿರಬಹುದು. ಮೊದಲು ಮ್ಯಾಗಜಿನ್ ತೆಗೆಯಬೇಕು, ಆಮೇಲೆ ಬೋಲ್ಟ್ ಎಳೆದು ಒಳಗಿನದನ್ನು ಹೊರಹಾಕಬೇಕು, ನಂತರ ಕಣ್ಣಿಂದ ನೋಡಿ ಬೆರಳಿಂದ ಮುಟ್ಟಿ ಖಾತ್ರಿ ಮಾಡಿಕೊಳ್ಳಬೇಕು. ಈ ಕ್ರಮ ತಿರುವುಮುರುವಾದರೆ ಎಡವಟ್ಟು. ಮೊದಲೇ ಬೋಲ್ಟ್ ಎಳೆದು ಬಿಟ್ಟರೆ ಮ್ಯಾಗಜಿನ್‌ನಿಂದ ಇನ್ನೊಂದು ಗುಂಡು ಮೇಲೇರಿ ಕೂರುತ್ತದೆ. ಆಮೇಲೆ ಮ್ಯಾಗಜಿನ್ ತೆಗೆದು "ಖಾಲಿ" ಎಂದುಕೊಂಡು ಟ್ರಿಗರ್ ಒತ್ತಿದವರ ಕಾಲಿಗೋ ಪಕ್ಕದವರ ಎದೆಗೋ ಗುಂಡು. ಅದಕ್ಕೇ ಆರ್ಮರಿ ಹತ್ತಿರ ಮರಳಿನ ಚೀಲವೋ ಮರಳು ತುಂಬಿದ ಪೆಟ್ಟಿಗೆಯೋ ಇರಬೇಕು. ನಳಿಗೆ ಅತ್ತ ತಿರುಗಿಸಿಕೊಂಡೇ ಖಾಲಿ ಮಾಡುವುದು ಪದ್ಧತಿ.

ಗುಂಡಿಗೆ ಹೆಸರಿಲ್ಲ

ಬಂದೂಕಿಗಿಂತ ಗುಂಡಿನ ಲೆಕ್ಕ ಕಷ್ಟ. ಕಾರಣ ಸರಳ. ಪ್ರತಿ ಬಂದೂಕಿಗೂ ತನ್ನದೇ ನಂಬರ್ ಇದೆ, ಗುಂಡಿಗೆ ಇಲ್ಲ. ಅದರ ಹಿತ್ತಾಳೆ ತಳದಲ್ಲಿ ಕಾರ್ಖಾನೆಯ ಗುರುತು ಮತ್ತು ತಯಾರಾದ ವರ್ಷ ಒತ್ತಿರುತ್ತಾರೆ, ಪೆಟ್ಟಿಗೆಯ ಮೇಲೆ ಲಾಟ್ ನಂಬರ್ ಇರುತ್ತದೆ. ಒಂದೇ ಲಾಟ್‌ನ ಸಾವಿರಾರು ಗುಂಡುಗಳು ತದ್ರೂಪ. ಒಂದನ್ನು ತೆಗೆದು ಇನ್ನೊಂದನ್ನು ಇಟ್ಟರೆ ಗೊತ್ತಾಗದು.

ಅದಕ್ಕೆ ಉಪಾಯ ಖಾಲಿ ಕೇಸ್, ಅಂದರೆ ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆ ಕವಚ. ಅಭ್ಯಾಸಕ್ಕೆ ನೂರು ಗುಂಡು ಕೊಟ್ಟರೆ, ಹಾರಿಸಿದ ಮೇಲೆ ನೂರು ಹಿತ್ತಾಳೆ ಕೇಸ್ ವಾಪಸ್ ಬರಬೇಕು. ಫೈರಿಂಗ್ ಮುಗಿದ ಮೇಲೆ ಪೊಲೀಸರು ಹುಲ್ಲಿನಲ್ಲಿ ಬಗ್ಗಿ ಹುಡುಕುತ್ತಿರುವುದು ಇದನ್ನೇ. ನಮ್ಮ ಕಡೆ ಜೂನ್ ಕಳೆದ ಮೇಲೆ ಹುಲ್ಲು ಮೊಣಕಾಲುದ್ದ ಬೆಳೆದಿರುತ್ತದೆ, ಆ ಕಷ್ಟ ಹುಡುಕಿದವರಿಗೇ ಗೊತ್ತು. ಕೇಸ್ ಸಿಗದಿದ್ದರೆ ಬರೆದು ಕಾರಣ ಕೊಡಬೇಕು.

ಈ ವ್ಯವಸ್ಥೆ ಎಲ್ಲಿ ಸಡಿಲವಾಗುತ್ತದೆ ಎಂಬುದಕ್ಕೆ ಪಕ್ಕದ ಕೇರಳದ ಪ್ರಕರಣ ನೋಡಿ. 2020ರ ಫೆಬ್ರವರಿಯಲ್ಲಿ ಅಲ್ಲಿನ ವಿಧಾನಸಭೆಯಲ್ಲಿ, ಸರ್ಕಾರಿ ಲೆಕ್ಕ ತಪಾಸಿಸುವ ಸಿಎಜಿಯ ವರದಿ ಮಂಡನೆಯಾಯಿತು. ತಿರುವನಂತಪುರದ ಸಶಸ್ತ್ರ ಪೊಲೀಸ್ ಬೆಟಾಲಿಯನ್‌ನಲ್ಲಿ 25 ಇನ್ಸಾಸ್ ರೈಫಲ್ ಮತ್ತು 12,061 ಗುಂಡುಗಳು ಕಡಿಮೆ ಬಿದ್ದಿವೆ ಎಂದು ಅದರಲ್ಲಿತ್ತು. ರಾಜ್ಯವೇ ಬೆಚ್ಚಿತು. ಆಮೇಲೆ ಕ್ರೈಂ ಬ್ರಾಂಚ್‌ನವರು ಬೇರೆ ಬೇರೆ ಕಡೆ ಹಂಚಿಹೋಗಿದ್ದ ರೈಫಲ್‌ಗಳನ್ನು ತರಿಸಿ ಒಂದೊಂದನ್ನೇ ನೋಡಿದರು. ಕೆಲವು ಮಣಿಪುರಕ್ಕೆ ಹೋದ ಪೊಲೀಸರ ಕೈಯಲ್ಲಿದ್ದವು. ರೈಫಲ್ ಕಳೆದಿಲ್ಲ, ದಾಖಲೆ ತಪ್ಪಿದೆ ಎಂಬ ತೀರ್ಮಾನಕ್ಕೆ ಬಂದರು. ಗುಂಡಿನ ವಿಷಯ ಮಾತ್ರ ಅಷ್ಟು ಸುಲಭಕ್ಕೆ ಮುಗಿಯಲಿಲ್ಲ. ಲೆಕ್ಕ ತುಂಬಿಸಲು ಇಟ್ಟಿದ್ದ ನಕಲಿ ಗುಂಡುಗಳೂ ತನಿಖೆಯಲ್ಲಿ ಪತ್ತೆಯಾದವು.

ರೈಫಲ್ ಇತ್ತಲ್ಲ, ಮತ್ತೇಕೆ ಗಲಾಟೆ ಎನ್ನಬಹುದು. ಆದರೆ ಪುಸ್ತಕದಲ್ಲಿ ಇಲ್ಲದ ರೈಫಲ್ ನಿಜಕ್ಕೂ ಕಳುವಾದರೂ ಯಾರಿಗೂ ತಿಳಿಯುವುದಿಲ್ಲ. ಆ ಕಾರಣಕ್ಕೆ ಲೆಕ್ಕ ತಪ್ಪುವುದನ್ನೂ ಕಳೆದುಹೋದಷ್ಟೇ ಗಂಭೀರವಾಗಿ ಎಣಿಸಬೇಕು.

ಬಂದೂಕು ಮತ್ತು ಗುಂಡನ್ನು ಬೇರೆ ಬೇರೆ ಇಡುವ ಪದ್ಧತಿ ಎಷ್ಟು ಬಲವಾದದ್ದು ಎಂಬುದಕ್ಕೆ ನಮ್ಮ ಸ್ವಾತಂತ್ರ್ಯ ಹೋರಾಟದಲ್ಲೇ ಒಂದು ಸಾಕ್ಷಿ ಇದೆ. 1930ರ ಏಪ್ರಿಲ್ 18ರ ರಾತ್ರಿ ಸೂರ್ಯ ಸೇನ್ ಮತ್ತು ಸಂಗಡಿಗರು ಚಿತ್ತಗಾಂಗ್‌ನಲ್ಲಿ ಬ್ರಿಟಿಷರ ಶಸ್ತ್ರಾಗಾರಗಳ ಮೇಲೆ ದಾಳಿ ಮಾಡಿದರು. ಬಂದೂಕು ಸಿಕ್ಕವು, ಲೂಯಿಸ್ ಮೆಷಿನ್ ಗನ್ನುಗಳೂ ಸಿಕ್ಕವು. ಅವುಗಳ ಗುಂಡು ಮಾತ್ರ ಸಿಗಲಿಲ್ಲ. ಅಷ್ಟು ದೊಡ್ಡ ಯೋಜನೆ, ಅಷ್ಟು ಧೈರ್ಯ, ಕೊನೆಗೆ ಹೊಡೆತ ಬಿದ್ದದ್ದು ಆ ಒಂದು ಜಾಗದಲ್ಲಿ. ಹೋರಾಟಗಾರರ ಪಾಲಿಗೆ ಅದು ದುರದೃಷ್ಟ. ಆಯುಧ ಕಾಯುವವರ ಪಾಲಿಗೆ ಅದು ಇವತ್ತಿಗೂ ನಡೆಯುತ್ತಿರುವ ಪಾಠ: ಬಂದೂಕಿನ ಕೋಣೆಯ ಕೀಲಿಯೂ ಗುಂಡಿನ ಪೆಟ್ಟಿಗೆಯ ಕೀಲಿಯೂ ಒಬ್ಬರ ಜೇಬಿನಲ್ಲೇ ಇರಬಾರದು.

ದೊಡ್ಡ ಗುಂಪು ನುಗ್ಗಿದರೆ ಇದೂ ಸಾಲದು ಎಂಬುದು ಬೇರೆ ಮಾತು. 2023ರಲ್ಲಿ ಮಣಿಪುರದಲ್ಲಿ ಪೊಲೀಸ್ ಶಸ್ತ್ರಾಗಾರಗಳಿಂದ ಸಾವಿರಾರು ಆಯುಧಗಳು ಲೂಟಿಯಾದವು. ಅಂತಹ ಹೊತ್ತಿನಲ್ಲಿ ಉಳಿಯುವ ದಾರಿ ಒಂದೇ. ಗಲಭೆಯ ವಾಸನೆ ಬಂದಾಗಲೇ ಆಯುಧಗಳನ್ನು ಸಣ್ಣ ಠಾಣೆಗಳಿಂದ ಭದ್ರವಾದ ಜಾಗಕ್ಕೆ ಸಾಗಿಸುವುದು.

ಕಳೆಯುವುದು ಹೊರಗೆ

ಆರ್ಮರಿಯ ಒಳಗೆ ಇರುವಷ್ಟು ಹೊತ್ತು ಬಂದೂಕು ಬಹುಮಟ್ಟಿಗೆ ಕ್ಷೇಮ. ಹೊರಗೆ ಕಾಲಿಟ್ಟ ಮೇಲೆ ಕಥೆ ಬೇರೆ.

ಅಮೆರಿಕದ ಒಂದು ಲೆಕ್ಕ ಇಲ್ಲಿ ಹೇಳಬೇಕು, ಏಕೆಂದರೆ ಅಲ್ಲಿ ಇಂಥದ್ದನ್ನು ಎಣಿಸಿ ಬಹಿರಂಗವಾಗಿ ಹಾಕುತ್ತಾರೆ. ಅಲ್ಲಿನ ಒಳನಾಡ ಭದ್ರತಾ ಇಲಾಖೆಯ ಲೆಕ್ಕವನ್ನು ಅದರದ್ದೇ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ತಪಾಸಿಸಿ 2017ರಲ್ಲಿ ವರದಿ ಕೊಟ್ಟಿತು. 2014ರಿಂದ 2016ರವರೆಗಿನ ಮೂರು ಆರ್ಥಿಕ ವರ್ಷಗಳಲ್ಲಿ ಕಳೆದ ಸೂಕ್ಷ್ಮ ವಸ್ತುಗಳು 2,142. ಅದರಲ್ಲಿ ಬಂದೂಕು, ಪಿಸ್ತೂಲು 228. ಅಧಿಕಾರಿಗಳ ಬ್ಯಾಡ್ಜ್ 1,889. ವಲಸೆ ವಿಭಾಗದ ಭದ್ರತಾ ಮುದ್ರೆಗಳು 25. ಯಾರೋ ಶಸ್ತ್ರಾಗಾರ ಒಡೆದು ನುಗ್ಗಿದ್ದು ಇದಕ್ಕೆ ಕಾರಣವಲ್ಲ. ಆಯುಧವನ್ನು ಬೀಗವಿಲ್ಲದ ಕಡೆ ಬಿಟ್ಟು ಹೋದದ್ದು, ಅದರ ಮೇಲೆ ಮೇಲಿನವರ ಉಸ್ತುವಾರಿ ಸಡಿಲವಾಗಿದ್ದದ್ದು, ಹೀಗೆ ತೀರಾ ಸಾಮಾನ್ಯ ಮೈಮರೆವು.

ಆ ಮೈಮರೆವಿನ ಬೆಲೆ ಏನು ಎಂಬುದು 2015ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕಂಡಿತು. ಅಲ್ಲಿನ ಸರ್ಕಾರಿ ಭೂ ನಿರ್ವಹಣಾ ಇಲಾಖೆಯ ರೇಂಜರ್ ಒಬ್ಬರ ಪಿಸ್ತೂಲು ಊರ ನಡುವೆ ನಿಲ್ಲಿಸಿದ್ದ ಕಾರಿನಿಂದ ಕಳುವಾಯಿತು. ನಾಲ್ಕೇ ದಿನಕ್ಕೆ ಅದೇ ಪಿಸ್ತೂಲಿನಿಂದ ಹೊರಟ ಗುಂಡಿಗೆ, ಸಮುದ್ರ ದಂಡೆಯಲ್ಲಿ ತಂದೆಯ ಜೊತೆ ನಡೆಯುತ್ತಿದ್ದ ಯುವತಿ ಸತ್ತಳು. ಕಾರು ಅಂದರೆ ಗಾಜಿನ ಪೆಟ್ಟಿಗೆ, ಅದರ ಬೀಗ ಬರೀ ನಂಬಿಕೆ.

ನಮ್ಮಲ್ಲಿ ಪೊಲೀಸ್ ಪೇದೆ ಬಂದೂಕು ಮನೆಗೆ ಒಯ್ಯುವುದು ಕಡಿಮೆ, ಅಷ್ಟರ ಮಟ್ಟಿಗೆ ನಾವು ಪಾರು. ಆದರೆ ನಮ್ಮ ಕಷ್ಟಗಳು ಬೇರೆ. ಕಾರವಾರದಿಂದ ಧಾರವಾಡಕ್ಕೋ ಬೆಳಗಾವಿಗೋ ಕೈದಿಯನ್ನು ಕರೆದೊಯ್ಯುವ ಎಸ್ಕಾರ್ಟ್ ಡ್ಯೂಟಿ ತೆಗೆದುಕೊಳ್ಳಿ. ಘಟ್ಟ ಹತ್ತುವ ಬಸ್ಸು, ಅರಬೈಲಿನ ತಿರುವು, ಹಿಂದಿನ ರಾತ್ರಿಯ ನಿದ್ದೆಗೇಡು. ತರಬೇತಿಯಲ್ಲಿ ಹೇಳುವುದು ಇಷ್ಟು: ಬಂದೂಕು ಕೈದಿಗೆ ದೂರದ ಬದಿಯಲ್ಲಿರಲಿ, ಇಬ್ಬರೂ ಒಟ್ಟಿಗೆ ಕಣ್ಣು ಮುಚ್ಚಬಾರದು, ಶೌಚಕ್ಕೆ ಹೋಗುವಾಗ ಬಂದೂಕನ್ನು ಜೊತೆಯವರ ಕೈಗೇ ಕೊಟ್ಟು ಹೋಗಬೇಕು. ಸೀಟಿಗೆ ಒರಗಿಸಿ ಹೋಗುವಂತಿಲ್ಲ. ರಿವಾಲ್ವರ್‌ಗೆ ಕಟ್ಟುವ ಹಗ್ಗ ಇದೆಯಲ್ಲ, ಲ್ಯಾನ್‌ಯಾರ್ಡ್, ಅದು ಯೂನಿಫಾರಂನ ಅಲಂಕಾರ ಅಲ್ಲ. ಕೈ ತಪ್ಪಿದರೂ ಆಯುಧ ಮೈಯಿಂದ ದೂರ ಹೋಗದಿರಲಿ ಎಂದು ಅದನ್ನು ಕಟ್ಟುತ್ತಾರೆ. ರೈಫಲನ್ನು ಚೈನಿನಿಂದ ಸೊಂಟದ ಬೆಲ್ಟಿಗೆ ಬಿಗಿದುಕೊಳ್ಳುವುದೂ ಅದೇ ಕಾರಣಕ್ಕೆ.

ಬಂದೂಕು ಕಿತ್ತುಕೊಳ್ಳುವುದನ್ನು ಕಾನೂನು ಈಗ ತೀರಾ ಗಂಭೀರವಾಗಿ ನೋಡುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಲ್ಲಿ, ಪೊಲೀಸರಿಂದ ಅಥವಾ ಸೇನೆಯವರಿಂದ ಬಲವಂತವಾಗಿ ಬಂದೂಕು ಕಸಿದರೆ ಕನಿಷ್ಠ 10 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ ಎಂದು ಸೇರಿಸಿದರು. ಅದೇ ತಿದ್ದುಪಡಿಯಲ್ಲೇ ಖಾಸಗಿಯವರು ಇಟ್ಟುಕೊಳ್ಳಬಹುದಾದ ಕೋವಿಗಳ ಮಿತಿ ಮೂರರಿಂದ ಎರಡಕ್ಕೆ ಇಳಿದದ್ದು.

ಚುನಾವಣೆ ಬಂದೋಬಸ್ತಿನ ರಾತ್ರಿ ಇನ್ನೊಂದು ಸಂಕಟ. ಜೊಯ್ಡಾದ ಕಾಡಿನೊಳಗಿನ ಮತಗಟ್ಟೆ ಎಂದರೆ ಒಂದು ಸಣ್ಣ ಶಾಲೆ. ಹಂಚಿನ ಮಾಡು, ಕಿಟಕಿಗೆ ಸರಿಯಾದ ಸರಳು ಇದ್ದರೆ ಪುಣ್ಯ. ಫೋನ್ ಸಿಗ್ನಲ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ಅಲ್ಲಿ ಆರ್ಮರಿ ಇಲ್ಲ, ಮರಳಿನ ಪೆಟ್ಟಿಗೆ ಇಲ್ಲ. ಇರುವುದು ಇಬ್ಬರೋ ಮೂವರೋ ಪೊಲೀಸರು ಮತ್ತು ಅವರ ಎಚ್ಚರ. ಸರದಿಯಲ್ಲಿ ಮಲಗಬೇಕು, ಎಚ್ಚರವಿದ್ದವರ ಹೆಸರಿಗೆ ಆಯುಧ ದಾಟಬೇಕು. ತಾತ್ಕಾಲಿಕ ಶಿಬಿರ ಎಷ್ಟು ದುರ್ಬಲ ಎಂಬುದನ್ನು ಕರ್ನಾಟಕ ಮರೆಯುವಂತಿಲ್ಲ. 2005ರ ಫೆಬ್ರವರಿಯಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಶಾಲೆಯೊಂದರಲ್ಲಿ ತಂಗಿದ್ದ ಕೆಎಸ್‌ಆರ್‌ಪಿ (ರಾಜ್ಯ ಮೀಸಲು ಪಡೆ) ಪೊಲೀಸರ ಮೇಲೆ ನಕ್ಸಲರು ರಾತ್ರಿ ದಾಳಿ ಮಾಡಿದರು. ಪೊಲೀಸರು ಜೀವ ಕಳೆದುಕೊಂಡರು, ಬಂದೂಕುಗಳೂ ಹೋದವು.

ಉಪ್ಪುಗಾಳಿ ಎಂಬ ಕಳ್ಳ

ಕಳ್ಳತನದ ಮಾತಾಯಿತು. ಕರಾವಳಿಯಲ್ಲಿ ಆಯುಧವನ್ನು ದಿನಾ ಸ್ವಲ್ಪ ಸ್ವಲ್ಪ ಕದಿಯುವುದು ಗಾಳಿ. ಕಾರವಾರದ ಮನೆಗಳಲ್ಲಿ ಗೇಟಿನ ಕೀಲು, ಸೈಕಲ್ ಚೈನು, ಟಿವಿ ಆಂಟೆನಾ ಏನಾಗುತ್ತದೆ ಎಂದು ಗೊತ್ತಲ್ಲ? ಬಂದೂಕಿಗೂ ಅದೇ ಗತಿ. ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಅದರ ಮೇಲೆ ಸಮುದ್ರದ ಉಪ್ಪು. ಉಪ್ಪು ಗಾಳಿಯಲ್ಲಿನ ತೇವವನ್ನು ಎಳೆದು ಲೋಹದ ಮೇಲೆ ತೆಳು ಪದರವಾಗಿ ನಿಲ್ಲಿಸುತ್ತದೆ. ಶುದ್ಧ ನೀರಿಗಿಂತ ಉಪ್ಪುನೀರಿನಲ್ಲಿ ತುಕ್ಕು ಬೇಗ ಹಬ್ಬುತ್ತದೆ, ಏಕೆಂದರೆ ವಿದ್ಯುತ್ ಕಣಗಳ ಓಡಾಟಕ್ಕೆ ಅದು ಸಲೀಸು ದಾರಿ.

ತುಕ್ಕು ಹಿಡಿದ ಬಂದೂಕಿನಿಂದ ಎರಡು ಅಪಾಯ. ಬೇಕಾದಾಗ ಕೆಲಸ ಮಾಡುವುದಿಲ್ಲ, ಇದು ಮೊದಲನೆಯದು. ಎರಡನೆಯದು ಜಾಸ್ತಿ ಕೆಟ್ಟದ್ದು. ಟ್ರಿಗರ್‌ನ ಒಳಗಿನ ಸಣ್ಣ ಕೊಕ್ಕೆಗಳು ಸವೆದರೆ ಅದು ಬೇಡವಾದಾಗ ಕೆಲಸ ಮಾಡಿಬಿಡಬಹುದು. ನಳಿಗೆಯ ಒಳಗೆ ತುಕ್ಕಿನ ಗುಳಿ ಬಿದ್ದರೆ ಗುರಿಯೂ ಹಾಳು.

ಹಾಗಾಗಿ ಆರ್ಮರರ್‌ನ ದಿನದ ಕೆಲಸ ಎಂದರೆ ಮುಕ್ಕಾಲು ಪಾಲು ಒರೆಸುವುದು. ಪುಲ್‌ಥ್ರೂ ಎಂಬ ಹಗ್ಗಕ್ಕೆ ಫ್ಲಾನೆಲ್ ಚಿಂದಿ ಸಿಕ್ಕಿಸಿ ನಳಿಗೆಯೊಳಗೆ ಎಳೆಯುತ್ತಾರೆ. ಮೊದಲು ಒಣ ಬಟ್ಟೆ, ಚಿಂದಿ ಬೆಳ್ಳಗೆ ಬರುವವರೆಗೆ. ನಂತರ ಎಣ್ಣೆ ಸವರಿದ ಬಟ್ಟೆ. ಎಣ್ಣೆ ಸುರಿಯುವಂತಿಲ್ಲ, ತೆಳುವಾಗಿರಬೇಕು. ಜಾಸ್ತಿ ಎಣ್ಣೆ ಧೂಳು ಹಿಡಿದು ಅಂಟಾಗುತ್ತದೆ. ಹಾರಿಸುವ ಮೊದಲು ನಳಿಗೆಯ ಎಣ್ಣೆ ಒರೆಸಿ ತೆಗೆಯಬೇಕು.

ಗುಂಡಿಗೆ ಮಾತ್ರ ಎಣ್ಣೆ ತಾಗಿಸಲೇಬಾರದು. ತಳದ ಮಧ್ಯದಲ್ಲಿರುವ ಪ್ರೈಮರ್ ಎಂಬ ಪುಟ್ಟ ಬಟ್ಟಲಿನಲ್ಲಿ ಕಿಡಿ ಕೊಡುವ ಮದ್ದು ಇರುತ್ತದೆ. ಎಣ್ಣೆ ಅದರೊಳಗೆ ಇಳಿದರೆ ಗುಂಡು ಸಿಡಿಯುವುದಿಲ್ಲ. ನಮ್ಮ ತೋಟದವರಲ್ಲಿ ಕೆಲವರು ತೋಟೆಗಳನ್ನೂ ಕೊಬ್ಬರಿ ಎಣ್ಣೆಯ ಕೈಯಲ್ಲಿ ಮುಟ್ಟಿ ಒರೆಸಿ ಇಡುತ್ತಾರೆ. ಕಾಳಜಿ ಒಳ್ಳೆಯದೇ, ಆದರೆ ಅದು ತೋಟೆ ಕೆಡಿಸುವ ಕೆಲಸ.

ಇನ್ನೊಂದು ತಪ್ಪು ಕಲ್ಪನೆ ಚರ್ಮದ ಚೀಲದ್ದು. ಚರ್ಮದ ಹೋಲ್‌ಸ್ಟರ್‌ನಲ್ಲಿ ರಿವಾಲ್ವರ್ ಭದ್ರ ಎಂದುಕೊಂಡು ಮಳೆಗಾಲವಿಡೀ ಅದರಲ್ಲೇ ಇಟ್ಟರೆ, ಚರ್ಮ ತೇವ ಹೀರಿ ಲೋಹಕ್ಕೆ ತಾಗಿಸುತ್ತಲೇ ಇರುತ್ತದೆ. ಹದ ಮಾಡಲು ಬಳಸಿದ ರಾಸಾಯನಿಕವೂ ಸೇರಿ ತುಕ್ಕು ಬೇಗ ಹತ್ತುತ್ತದೆ. ಬಟ್ಟೆ ಸುತ್ತಿ ಕಟ್ಟಿಡುವುದೂ ಅಷ್ಟೇ. ಒಯ್ಯುವಾಗ ಚೀಲ, ಇಡುವಾಗ ಗಾಳಿಯಾಡುವ ಒಣ ಸ್ಟ್ಯಾಂಡು. ಪೆಟ್ಟಿಗೆಯಾದರೆ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ತೇವ ಹೀರಿದ ಮೇಲೆ ಬಿಸಿ ಮಾಡಿ ಮತ್ತೆ ಬಳಸಬೇಕು.

ಕರಾವಳಿ ಕಾವಲು ಪೊಲೀಸರ ದೋಣಿಗಳಲ್ಲಿ ಕಷ್ಟ ಇನ್ನೂ ಹೆಚ್ಚು. 2008ರ ನವೆಂಬರ್‌ನ ಮುಂಬೈ ದಾಳಿಯ ನಂತರ ಕಡಲ ಗಸ್ತು ಬಿಗಿಯಾಯಿತು. ಗಸ್ತು ಹೋಗಿ ಬಂದ ಬಂದೂಕಿನ ಮೇಲೆ ಉಪ್ಪುನೀರು ನೇರವಾಗಿ ಸಿಡಿದಿರುತ್ತದೆ. ದಡಕ್ಕೆ ಬಂದ ಕೂಡಲೇ ಸಿಹಿನೀರಿನ ಒದ್ದೆ ಬಟ್ಟೆಯಿಂದ ಉಪ್ಪು ತೆಗೆದು, ಒಣಗಿಸಿ, ಎಣ್ಣೆ ಹಚ್ಚಬೇಕು. "ಊಟ ಮಾಡಿ ಬರ್ತೇನೆ" ಎಂದು ಬಿಟ್ಟರೆ ಸಂಜೆಗೆ ಕೆಂಪು ಚುಕ್ಕೆ.

ತೋಟದವರ ಕೋವಿಯ ಪ್ರಶ್ನೆ ಇಲ್ಲಿಯೇ ಬರುವುದು. ಠಾಣೆಯ ಸ್ವಂತ ರೈಫಲ್‌ಗಳನ್ನು ಒರೆಸಲು ಒಬ್ಬರಿದ್ದಾರೆ. ಎರಡು ತಿಂಗಳಿಗೆ ಒಪ್ಪಿಸಿದ ಕೋವಿಗಳನ್ನು ಒರೆಸುವುದು ಯಾರು? ಮುದ್ದೆಮಾಲು, ಅಂದರೆ ಪ್ರಕರಣಗಳಲ್ಲಿ ಜಪ್ತಿಯಾದ ವಸ್ತು, ಇಡುವ ಕೋಣೆಯ ಮೂಲೆಯಲ್ಲಿ ಹಗ್ಗ ಹಾಕಿ ಕಟ್ಟಿಟ್ಟರೆ ಕಳ್ಳರಿಂದ ಬಚಾವು, ತೇವದಿಂದಲ್ಲ. ಒಪ್ಪಿಸುವ ಮುನ್ನ ನೀವೇ ಚೆನ್ನಾಗಿ ಒರೆಸಿ ಎಣ್ಣೆ ಹಚ್ಚಿ ಕೊಡಿ. ಕೋವಿಯ ಸ್ಥಿತಿ ಹೇಗಿದೆ ಎಂದು ರಶೀದಿಯಲ್ಲಿ ಒಂದು ಸಾಲು ಬರೆಸಿ. ವಾಪಸ್ ಪಡೆಯುವಾಗ ನಂಬರ್ ತಾಳೆ ನೋಡಿದ ಮೇಲೆಯೇ ಸಹಿ ಹಾಕಿ. ಒಂದೇ ಥರದ ಹತ್ತಾರು ಒಂಟಿನಳಿಗೆ ಕೋವಿಗಳಿದ್ದಲ್ಲಿ ಅದಲುಬದಲಾಗುವುದು ಕಷ್ಟವೇನಲ್ಲ. ಹಾಗೆ ಆದರೆ ಇನ್ನೊಬ್ಬರ ಲೈಸೆನ್ಸಿನ ಕೋವಿ ನಿಮ್ಮ ಮನೆಯಲ್ಲಿರುತ್ತದೆ, ಅದು ಕಾನೂನಿನ ಕಣ್ಣಿಗೆ ತಪ್ಪೇ.

ಬಂದೂಕಲ್ಲದ ಬಂದೂಕುಗಳು

ಅಮೆರಿಕದ ಪಟ್ಟಿಯಲ್ಲಿ ಪಿಸ್ತೂಲಿಗಿಂತ ಬ್ಯಾಡ್ಜ್ ಎಂಟು ಪಟ್ಟು ಇತ್ತು. ಬ್ಯಾಡ್ಜ್ ಕಳೆದರೆ ಏನು ಮಹಾ ಎನ್ನಿಸಬಹುದು. ಆದರೆ ಪಿಸ್ತೂಲು ತೋರಿಸಿ ಬಾಗಿಲು ತೆಗೆಸುವುದಕ್ಕಿಂತ ಬ್ಯಾಡ್ಜ್ ತೋರಿಸಿ ತೆಗೆಸುವುದು ಸುಲಭ. ಮನೆಯವರೇ ನಮಸ್ಕಾರ ಮಾಡಿ ಒಳಗೆ ಕರೆಯುತ್ತಾರೆ. ಪೊಲೀಸ್ ಯೂನಿಫಾರಂ, ಗುರುತಿನ ಚೀಟಿ, ತಹಶೀಲ್ದಾರ್ ಕಚೇರಿಯ ಮೊಹರು, ಇವೆಲ್ಲ ಈ ಸಾಲಿನವೇ. ಆದರೆ ಮೊಹರು ಎಷ್ಟೋ ಕಚೇರಿಗಳಲ್ಲಿ ಮೇಜಿನ ಮೇಲೆ ಇಂಕ್ ಪ್ಯಾಡಿನ ಪಕ್ಕವೇ ಬಿದ್ದಿರುತ್ತದೆ. ನಂಬರ್ ಇಲ್ಲ, ರಿಜಿಸ್ಟರ್ ಇಲ್ಲ.

ವೈರ್‌ಲೆಸ್ ಸೆಟ್ ಕಳೆದರೆ ಬರೀ ಒಂದು ಯಂತ್ರ ಹೋದಂತಲ್ಲ, ಪೊಲೀಸರ ಮಾತು ಬೇರೆಯವರ ಕಿವಿಗೆ ಬೀಳುವ ಅಪಾಯ. ಡಿಜಿಟಲ್ ಸೆಟ್‌ಗಳನ್ನು ದೂರದಿಂದಲೇ ನಿಷ್ಕ್ರಿಯಗೊಳಿಸಬಹುದು, ಆದರೆ ಕಳೆದಿದೆ ಎಂದು ತಿಳಿಸಿದರೆ ಮಾತ್ರ. ಲ್ಯಾಪ್‌ಟಾಪ್‌ನದ್ದೂ ಇದೇ ಮಾತು. ಯಂತ್ರದ ಬೆಲೆ ಸಣ್ಣದು, ಒಳಗಿನ ಕಡತದ ಬೆಲೆ ದೊಡ್ಡದು.

ಮರೆವಿನಿಂದ ಆದ ಅತಿ ಭೀಕರ ಪ್ರಕರಣ ನಮ್ಮ ದೇಶದ್ದೇ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಕೋಬಾಲ್ಟ್-60 ಇದ್ದ ಹಳೆಯ ವಿಕಿರಣ ಯಂತ್ರವೊಂದು ವರ್ಷಾನುಗಟ್ಟಲೆ ಬಳಕೆಯಿಲ್ಲದೆ ಬಿದ್ದಿತ್ತು. 2010ರಲ್ಲಿ ಅದನ್ನು ಹಳೇ ಸಾಮಾನಿನ ಜೊತೆ ಹರಾಜು ಹಾಕಿದರು. ಅದು ಮಾಯಾಪುರಿಯ ಗುಜರಿ ಮಾರುಕಟ್ಟೆಗೆ ಬಂತು. ಅಲ್ಲಿ ಒಡೆದರು. ಹಲವರು ವಿಕಿರಣದಿಂದ ಆಸ್ಪತ್ರೆ ಸೇರಿದರು, ಒಬ್ಬ ಕಾರ್ಮಿಕ ಸತ್ತ. ಯಾರೂ ಕದಿಯಲಿಲ್ಲ. ರಶೀದಿ ಕೊಟ್ಟು, ಹಣ ಪಡೆದು, ಕಾನೂನುಬದ್ಧವಾಗಿ ಮಾರಿದ್ದು. ಯಂತ್ರ ಕೊಂಡವರು ನಿವೃತ್ತರಾಗುತ್ತಾರೆ, ಹೊಸಬರಿಗೆ ಅದು ಮೂಲೆಯ ಕಬ್ಬಿಣ. ಅಂತಹ ವಸ್ತುವಿನ ಹೊಣೆ ಹೊತ್ತವರು ವರ್ಗವಾದಾಗ ಇಲ್ಲವೇ ನಿವೃತ್ತರಾದಾಗ ಮುಂದಿನವರ ಹೆಸರು ಅದೇ ದಿನ ಪುಸ್ತಕಕ್ಕೆ ಏರಬೇಕು.

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆ ನಿಂತಿದೆ, ಪಕ್ಕದಲ್ಲಿ ಈಗ ಟುಪೊಲೆವ್ ವಿಮಾನವೂ ಇದೆ. ಮಕ್ಕಳು ಹತ್ತಿ ಇಳಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಇಂಥವನ್ನು ಜನರ ಮುಂದಿಡುವ ಮೊದಲು ಆಯುಧ, ಸ್ಫೋಟಕ, ಗುಪ್ತ ಎಲೆಕ್ಟ್ರಾನಿಕ್ಸ್ ಎಲ್ಲವನ್ನೂ ತೆಗೆದು ಉಳಿದದ್ದನ್ನು ಕೆಲಸಕ್ಕೆ ಬಾರದಂತೆ ಮಾಡುವುದು ಕ್ರಮ. ನಿವೃತ್ತಿಯೂ ಕಾವಲಿನ ಭಾಗವೇ ಅನ್ನಲು ನಮ್ಮೂರಲ್ಲೇ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಕಳೆದ ಮೇಲಿನ ಮೊದಲ ಗಂಟೆ

ಇಷ್ಟೆಲ್ಲ ಇದ್ದೂ ಕಳೆಯುತ್ತದೆ. ಆಗ ಮಾಡಬೇಕಾದ್ದು ಏನು? ತಕ್ಷಣ ಮೇಲಿನವರಿಗೆ ಹೇಳಬೇಕು, ನಂಬರ್ ಸಮೇತ ವೈರ್‌ಲೆಸ್‌ನಲ್ಲಿ ಎಲ್ಲ ಠಾಣೆಗೂ ತಿಳಿಸಬೇಕು, ಕೊನೆಯ ಬಾರಿ ಕಂಡ ಜಾಗವನ್ನು ಕಾಯಬೇಕು, ಪ್ರಕರಣ ದಾಖಲಿಸಬೇಕು. ಇದರಲ್ಲಿ ಕಠಿಣವಾದದ್ದು ಮೊದಲ ಹೆಜ್ಜೆ. ಬಂದೂಕು ಕಳೆದ ಪೇದೆಗೆ ಗೊತ್ತು, ಅಮಾನತು ಖಚಿತ, ಇಲಾಖಾ ವಿಚಾರಣೆ ಖಚಿತ. ಆದ್ದರಿಂದ ಮೊದಲು ಆತ ತಾನೇ ಹುಡುಕಲು ಹೊರಡುತ್ತಾನೆ. ಬಸ್ ಸ್ಟ್ಯಾಂಡ್, ಹೋಟೆಲ್, ಬಂದ ದಾರಿ. ಅಷ್ಟರಲ್ಲಿ ಆರು ಗಂಟೆ ಕಳೆದಿರುತ್ತದೆ.

ಶಿಕ್ಷೆ ಬೇಡ ಎಂದು ಯಾರೂ ಹೇಳಲಾರರು. ಆದರೆ ಕಳೆದದ್ದಕ್ಕೂ ಮುಚ್ಚಿಟ್ಟದ್ದಕ್ಕೂ ಒಂದೇ ಶಿಕ್ಷೆಯಾದರೆ ಮುಚ್ಚಿಡುವುದೇ ಲಾಭ. ಹತ್ತು ನಿಮಿಷದಲ್ಲಿ ಬಾಯಿಬಿಟ್ಟವರಿಗೆ ಕಡಿಮೆ, ಮಾರನೇ ದಿನ ಸಿಕ್ಕಿಬಿದ್ದವರಿಗೆ ಜಾಸ್ತಿ ಎಂಬ ವ್ಯತ್ಯಾಸ ಸ್ಪಷ್ಟವಾಗಿ ಇರಬೇಕು, ಎಲ್ಲರಿಗೂ ಗೊತ್ತಿರಬೇಕು. ಕಾವಲು ವ್ಯವಸ್ಥೆಗೆ ಹೊಸ ಕ್ಯಾಮೆರಾ, ಬೆರಳಚ್ಚಿನ ಬೀಗ, ಚಿಪ್ ಹಾಕಿದ ಸ್ಟ್ಯಾಂಡು ಎಲ್ಲ ಬರಲಿ, ಬೇಡವೆನ್ನುವುದಿಲ್ಲ. ಚಿಪ್ ಬಂದೂಕು ಹೊರಗೆ ಹೋದದ್ದನ್ನು ಹೇಳುತ್ತದೆ, ಒಯ್ದ ಮನುಷ್ಯ ಆ ದಿನ ಯಾವ ಸ್ಥಿತಿಯಲ್ಲಿದ್ದಾನೆ ಎಂದು ಹೇಳುವುದಿಲ್ಲ. ಮೂರು ದಿನದಿಂದ ನಿದ್ದೆಯಿಲ್ಲದವರಿಗೆ, ಕುಡಿತ ಅತಿಯಾದವರಿಗೆ, ಮನಸ್ಸು ತೀರಾ ಕುಗ್ಗಿದವರಿಗೆ ಆ ದಿನ ಆಯುಧವಿಲ್ಲದ ಕೆಲಸ ಕೊಡುವುದನ್ನು ಠಾಣೆಯ ಅಧಿಕಾರಿಯೇ ಮಾಡಬೇಕು. ಅದನ್ನು ಅವಮಾನದಂತೆ ಅಲ್ಲ, ಡ್ಯೂಟಿ ಚಾರ್ಟಿನ ಮಾಮೂಲಿ ಬದಲಾವಣೆಯಂತೆ ಮಾಡಬೇಕು.

ಇನ್ನು ನಾವು ನೀವು. ದಾರಿಯಲ್ಲಿ ಗುಂಡೋ ಪಿಸ್ತೂಲೋ ಬಿದ್ದದ್ದು ಕಂಡರೆ ಎತ್ತಿಕೊಂಡು ಠಾಣೆಗೆ ಒಯ್ಯುವುದು ಸಹಾಯವಲ್ಲ. ಅದು ಲೋಡ್ ಆಗಿರಬಹುದು, ಬೆರಳಚ್ಚು ಅಳಿಸಬಹುದು. ಅಲ್ಲೇ ನಿಂತು 112ಕ್ಕೆ ಫೋನ್ ಮಾಡಿ, ಪೊಲೀಸರು ಬರುವವರೆಗೆ ಬೇರೆಯವರು ಮುಟ್ಟದಂತೆ ನೋಡಿಕೊಳ್ಳಿ. ಕಡಲತೀರದಲ್ಲಿ ಇನ್ನೂ ಎಚ್ಚರ ಬೇಕು. ಬಲೆಗೆ ಸಿಕ್ಕ ಕಬ್ಬಿಣದ ಡಬ್ಬಿ, ಅಲೆಗೆ ತೇಲಿ ಬಂದ ಸಿಲಿಂಡರ್ ಹಡಗುಗಳ ಹೊಗೆ ಸಿಗ್ನಲ್ ಆಗಿರಬಹುದು. ಅಂತಹ ಕೆಲವಲ್ಲಿ ರಂಜಕ ಇರುತ್ತದೆ. ಒದ್ದೆಯಿದ್ದಾಗ ಸುಮ್ಮನಿದ್ದು, ದಡಕ್ಕೆ ತಂದು ಒಣಗಿದ ಮೇಲೆ ತಾನಾಗಿ ಹೊತ್ತಿಕೊಳ್ಳಬಲ್ಲದು. ದೋಣಿಯಲ್ಲಿ ತರಬೇಡಿ, ಗುಜರಿಗೆ ಕೊಡಬೇಡಿ, ಮಕ್ಕಳನ್ನು ದೂರ ಕಳಿಸಿ. ಕರಾವಳಿ ಕಾವಲು ಪೊಲೀಸರ ನಂಬರ್ 1093. ಯಾವ ಜಾಗ, ಎಷ್ಟು ಗಂಟೆಗೆ ಕಂಡಿತು, ಎಷ್ಟು ಉದ್ದ, ಮೇಲೆ ಏನಾದರೂ ಬರೆದಿದೆಯಾ, ಇಷ್ಟು ಹೇಳಿದರೆ ಬರುವವರಿಗೆ ಯಾವ ತಯಾರಿಯಲ್ಲಿ ಬರಬೇಕು ಎಂದು ತಿಳಿಯುತ್ತದೆ.